ಹೃದಯದ ಬಡಿತ, ನರಗಳ ಹಿಡಿತ

(ಚೌಳಹಿರಿಯೂರಿನಲ್ಲಿ ನಡೆದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ನಾನು ವೈದ್ಯನಲ್ಲ. ಸಿವಿಲ್ ಎಂಜಿನಿಯರಿಂಗ್ ಓದಿ, ಕಾಲುವೆ, ತೂಬು, ಗೇಟುಗಳ ನಡುವೆ ಮೂವತ್ತು ವರ್ಷಕ್ಕೂ ಮಿಗಿಲಾಗಿ ಕಾಯಕ ಮಾಡಿ ನಿವೃತ್ತನಾದವನು. ಅಂಥವನಿಗೆ ಹೃದಯದ ವಿಷಯ ಏಕೆ ಕೊಟ್ಟರು ಎಂದು ನಿಮಗೆ ಅನ್ನಿಸಬಹುದು. ಕಳೆದ ಗೋಷ್ಠಿಯ ಕೊನೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಯೋಗಿಗಳು ಹೃದಯವನ್ನೇ ನಿಲ್ಲಿಸಬಲ್ಲರಂತೆ, ನಿಜವೇ?" ಎಂದು ಕೇಳಿದ. ಉತ್ತರ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಹುಡುಕುತ್ತಾ ಹೋದಂತೆ ಆ ಪ್ರಶ್ನೆಗಿಂತ ದೊಡ್ಡದೊಂದು ವಿಷಯ ಸಿಕ್ಕಿತು. ನಮ್ಮ ಮನೆಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಈ ಕಾಲದಲ್ಲಿ ಅದು ತಿಳಿದಿದ್ದರೆ ಒಂದು ಜೀವ ಉಳಿಯಬಹುದು. ಆದ್ದರಿಂದ ಸ್ವಲ್ಪ ಸಾವಧಾನದಿಂದ ಕೇಳಬೇಕೆಂದು ವಿನಂತಿ.

ಪಂಪು ಮತ್ತು ಅದರ ಸ್ಟಾರ್ಟರು

ನಮ್ಮ ಬಯಲು ನಾಡಿನಲ್ಲಿ ಪಂಪು ಎಂದರೇನೆಂದು ಯಾರಿಗೂ ವಿವರಿಸಬೇಕಾಗಿಲ್ಲ. ಮುಷ್ಟಿಗಾತ್ರದ ನಮ್ಮ ಹೃದಯವೂ ಒಂದು ಪಂಪೇ. ಸುಮ್ಮನೆ ಕುಳಿತಿರುವಾಗ ನಿಮಿಷಕ್ಕೆ ಸುಮಾರು 72 ಸಲ, ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸಲ ಬಡಿಯುತ್ತದೆ. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ದಿನದ ಲೆಕ್ಕ ಹಾಕಿದರೆ 7,200 ಲೀಟರ್. ಅಂದರೆ 5,000 ಲೀಟರಿನ ನೀರಿನ ಟ್ಯಾಂಕರು ಹೆಚ್ಚುಕಡಿಮೆ ಒಂದೂವರೆ.

ಈ ಪಂಪಿಗೆ ಕರೆಂಟು ಹೊರಗಿನಿಂದ ಬರುವುದಿಲ್ಲ. ಹೃದಯದ ಬಲ ಮೇಲ್ಭಾಗದ ಗೋಡೆಯಲ್ಲಿ ಸಣ್ಣದೊಂದು ಜೀವಕೋಶಗಳ ಗುಂಪು ಇದೆ. 1907ರಲ್ಲಿ ಇಂಗ್ಲೆಂಡಿನ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲಾಕ್ ಎಂಬಿಬ್ಬರು ಅದನ್ನು ಗುರುತಿಸಿದರು. ಅಲ್ಲಿಂದಲೇ ಪ್ರತಿ ಬಡಿತಕ್ಕೂ ವಿದ್ಯುತ್ ಸಂಕೇತ ಹೊರಡುತ್ತದೆ. ಹೃದಯವನ್ನು ದೇಹದಿಂದ ಹೊರತೆಗೆದು ಸರಿಯಾದ ದ್ರಾವಣದಲ್ಲಿಟ್ಟರೆ ಕೆಲಕಾಲ ಅದು ತನ್ನಷ್ಟಕ್ಕೆ ತಾನೇ ಬಡಿಯುತ್ತಿರುತ್ತದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವರು ಕಪ್ಪೆಯ ಹೃದಯದಲ್ಲಿ ಇದನ್ನು ಕಂಡಿರಬಹುದು.

ಹಾಗಾದರೆ ನರಗಳಿಗೆ ಇಲ್ಲೇನು ಕೆಲಸ? ಪಂಪು ತಾನಾಗಿ ಓಡಬಲ್ಲದು, ಆದರೆ ಎಷ್ಟು ವೇಗದಲ್ಲಿ ಓಡಬೇಕೆಂಬುದು ಅದಕ್ಕೆ ತಿಳಿಯದು. ನೀವು ತೆಂಗಿನ ಗೊನೆ ಹೊತ್ತಿರೋ, ಮಲಗಿದ್ದೀರೋ, ನಾಯಿ ಅಟ್ಟಿಸಿಕೊಂಡು ಬಂದಿದೆಯೋ, ಊಟ ಮಾಡಿ ಜಗಲಿಯ ಮೇಲೆ ಕುಳಿತಿದ್ದೀರೋ, ಇದೆಲ್ಲ ತಿಳಿಯುವುದು ಮಿದುಳಿಗೆ. ಅದು ಎರಡು ದಾರಿಯಲ್ಲಿ ಹೃದಯಕ್ಕೆ ಅಪ್ಪಣೆ ಕಳುಹಿಸುತ್ತದೆ.

ಒಂದು ಹಗ್ಗ ಹಿಡಿಯಲು, ಒಂದು ಬಾರುಕೋಲು

ಮೊದಲನೆಯ ದಾರಿ ವೇಗಸ್ ನರ. ಮಿದುಳಿನ ಬುಡದಿಂದ ಹೊರಟು, ಕುತ್ತಿಗೆಯಲ್ಲಿ ಇಳಿದು, ಹೃದಯ, ಶ್ವಾಸಕೋಶ, ಜಠರ, ಕರುಳು ಎಲ್ಲವನ್ನೂ ಸುತ್ತಿ ಬರುವ ನರ ಅದು. ಲ್ಯಾಟಿನ್ ಭಾಷೆಯಲ್ಲಿ ವೇಗಸ್ ಎಂದರೆ ಅಲೆಯುವವನು ಎಂದರ್ಥ. ಒಂದೆಡೆ ನಿಲ್ಲದೆ ಸಂಚರಿಸುವ ಅದನ್ನು ನಾವು ಜಂಗಮ ನರ ಎಂದರೂ ಸಲ್ಲುತ್ತದೆ! ಇದರ ಕೆಲಸ ಹೃದಯದ ವೇಗ ತಗ್ಗಿಸುವುದು. 1845ರಲ್ಲಿ ಜರ್ಮನಿಯ ವೆಬರ್ ಸಹೋದರರು ಪ್ರಾಣಿಗಳಲ್ಲಿ ಈ ನರಕ್ಕೆ ವಿದ್ಯುತ್ ಹಾಯಿಸಿದಾಗ ಹೃದಯ ನಿಧಾನವಾಯಿತು, ನಿಂತೂ ಹೋಯಿತು. ನರ ಎಂದರೆ ಕೆಲಸ ಮಾಡಿಸುವುದು ಎಂದಷ್ಟೇ ತಿಳಿದಿದ್ದ ಕಾಲದಲ್ಲಿ, ಕೆಲಸ ನಿಲ್ಲಿಸುವ ನರವೂ ಇದೆ ಎಂಬುದು ದೊಡ್ಡ ಸುದ್ದಿಯಾಗಿತ್ತು.

ಎರಡನೆಯ ದಾರಿ ಬೆನ್ನುಹುರಿಯಿಂದ, ಎದೆಯ ಮಟ್ಟದಲ್ಲಿ ಹೊರಡುವ ಅನುವೇದನಾ ನರಗಳದು. ಅವು ಹೃದಯದ ವೇಗವನ್ನೂ ಬಲವನ್ನೂ ಹೆಚ್ಚಿಸುತ್ತವೆ. ಎತ್ತಿನ ಗಾಡಿ ಹೊಡೆದವರಿಗೆ ಹೇಳುವುದಾದರೆ, ವೇಗಸ್ ನರ ಮೂಗುದಾರದ ಹಗ್ಗ, ಅನುವೇದನಾ ನರ ಬಾರುಕೋಲು.

ಇಲ್ಲೊಂದು ಸ್ವಾರಸ್ಯವಿದೆ. ಎರಡೂ ನರಗಳ ಹಿಡಿತ ತಪ್ಪಿಸಿದರೆ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು ನೂರು ಸಲ ಬಡಿಯುತ್ತದೆ. ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಇದು ಕಾಣುತ್ತದೆ. ಕಸಿಯ ವೇಳೆ ನರಗಳು ಕತ್ತರಿಸಿ ಹೋಗಿರುತ್ತವೆ, ಅವರ ನಾಡಿ ಸುಮ್ಮನೆ ಕುಳಿತಾಗಲೂ ನೂರರ ಆಸುಪಾಸಿನಲ್ಲಿರುತ್ತದೆ. ಹಾಗಾದರೆ ನಮ್ಮದು 72 ಏಕೆ? ವೇಗಸ್ ನರ ಹಗಲೂ ರಾತ್ರಿ ಹಗ್ಗ ಜಗ್ಗಿ ಹಿಡಿದಿರುವುದರಿಂದ. ನಾವು ವಿಶ್ರಾಂತಿ ಎನ್ನುವುದು ಏನೂ ನಡೆಯದ ಸ್ಥಿತಿಯಲ್ಲ, ಒಂದು ನರ ಸತತವಾಗಿ ಕಾಯಕ ಮಾಡುತ್ತಿರುವ ಸ್ಥಿತಿ.

ನರ ತನ್ನ ಮಾತನ್ನು ಹೃದಯಕ್ಕೆ ಮುಟ್ಟಿಸುವುದು ಹೇಗೆ? ಇದಕ್ಕೆ ಉತ್ತರ ಕೊಟ್ಟವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೋ ಲೋವಿ. ಅವರು ಎರಡು ಕಪ್ಪೆಗಳ ಹೃದಯ ತೆಗೆದುಕೊಂಡರು. ಮೊದಲನೆಯದರ ವೇಗಸ್ ನರವನ್ನು ಕೆರಳಿಸಿದಾಗ ಬಡಿತ ನಿಧಾನವಾಯಿತು. ಆ ಹೃದಯ ಮುಳುಗಿದ್ದ ದ್ರಾವಣವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು! ಎಂದರೆ ನರದ ತುದಿಯಿಂದ ಯಾವುದೋ ರಾಸಾಯನಿಕ ಹೊರಬಂದಿತ್ತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ಹೊಳಹು ತಮಗೆ ನಿದ್ದೆಯಲ್ಲಿ ಬಂತೆಂದು ಲೋವಿ ಹೇಳುತ್ತಿದ್ದರು. ಆದರೆ ಅವರು ಕನಸನ್ನು ಹೇಳಿಕೊಂಡು ತಿರುಗಲಿಲ್ಲ, ಪ್ರಯೋಗಶಾಲೆಗೆ ಹೋಗಿ ಪರೀಕ್ಷಿಸಿದರು. ನಮಗೆ ಬೇಕಾದ ಪಾಠ ಅದು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಮತ್ತು ಹೆನ್ರಿ ಡೇಲ್ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಗೇಜು ನೋಡುವವನು, ಗೇಟು ತಿರುಗಿಸುವವನು

ಲಕ್ಕವಳ್ಳಿಯ ಭದ್ರಾ ಜಲಾಶಯ ನೋಡಿದವರಿಗೆ ಗೊತ್ತು. ನಾಲೆಯಲ್ಲಿ ನೀರು ಎಷ್ಟಿದೆ ಎಂದು ಗೇಜು ನೋಡಿ ಹೇಳಲು ಒಬ್ಬ ಬೇಕು, ಅದರಂತೆ ಗೇಟು ಏರಿಸಿ ಇಳಿಸಲು ಒಬ್ಬ ಬೇಕು. ಸುದ್ದಿ ತಡವಾದರೆ ಕೊನೆಯ ಹೊಲ ಒಣಗುತ್ತದೆ, ಇಲ್ಲವೇ ಏರಿ ಒಡೆಯುತ್ತದೆ. ಎಂಜಿನಿಯರುಗಳು ಇದನ್ನು ಮರುಮಾಹಿತಿ ನಿಯಂತ್ರಣ ಎನ್ನುತ್ತಾರೆ.

ನಮ್ಮ ದೇಹದಲ್ಲಿ ಈ ಗೇಜುಗಳು ಕುತ್ತಿಗೆಯ ಎರಡೂ ಬದಿಯ ದೊಡ್ಡ ರಕ್ತನಾಳಗಳಲ್ಲಿ ಮತ್ತು ಹೃದಯದಿಂದ ಹೊರಡುವ ಮಹಾಧಮನಿಯ ಬಾಗಿನಲ್ಲಿ ಇವೆ. ರಕ್ತದ ಒತ್ತಡಕ್ಕೆ ನಾಳದ ಗೋಡೆ ಹಿಗ್ಗಿದರೆ ಅವು ಮಿದುಳಿನ ಬುಡಕ್ಕೆ ಸುದ್ದಿ ಕಳುಹಿಸುತ್ತವೆ. ಈಗ ನೀವು ನೆಲದಿಂದ ಎದ್ದು ನಿಂತಿರಿ ಎನ್ನಿ. ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು, ಹೊಟ್ಟೆಯ ಕಡೆ ಇಳಿಯುತ್ತದೆ. ಒತ್ತಡ ಇಳಿದ ಸುದ್ದಿ ತಕ್ಷಣ ಹೋಗುತ್ತದೆ. ಮಿದುಳು ವೇಗಸ್ ಹಗ್ಗ ಸಡಿಲಿಸುತ್ತದೆ, ಒಂದೆರಡು ಬಡಿತದೊಳಗೆ ನಾಡಿ ಏರುತ್ತದೆ. ಹಿಂದೆಯೇ ಕೆಲವು ಕ್ಷಣಗಳಲ್ಲಿ ಅನುವೇದನಾ ನರಗಳು ಕಾಲಿನ ರಕ್ತನಾಳಗಳನ್ನು ಬಿಗಿಮಾಡುತ್ತವೆ. ನಿಮಗೆ ಗೊತ್ತೇ ಆಗದಂತೆ ದಿನಕ್ಕೆ ಹತ್ತಾರು ಸಲ ನಡೆಯುವ ಕೆಲಸ ಇದು. ಇಲ್ಲದಿದ್ದರೆ ಎದ್ದಾಗಲೆಲ್ಲ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದೆವು.

ಇಂಥ ಸುದ್ದಿವಾಹಕ ನರಗಳ ಅಧ್ಯಯನದಲ್ಲಿ ಜಗತ್ತಿನಲ್ಲಿ ಹೆಸರು ಮಾಡಿದವರು ನಮ್ಮ ದೇಶದ ಡಾ. ಅವತಾರ್ ಸಿಂಗ್ ಪೈಂಟಲ್. ವೇಗಸ್ ನರದೊಳಗಿನ ಒಂದೊಂದೇ ಎಳೆಯನ್ನು ಬಿಡಿಸಿ, ಅದರಲ್ಲಿ ಹರಿಯುವ ಸಂಕೇತವನ್ನು 1950ರ ದಶಕದಲ್ಲಿ ದಾಖಲಿಸಿದವರು ಅವರು. ವೇಗಸ್ ನರ ಬರೀ ಅಪ್ಪಣೆ ಒಯ್ಯುವ ತಂತಿಯಲ್ಲ, ಹೃದಯ ಮತ್ತು ಶ್ವಾಸಕೋಶದ ಸ್ಥಿತಿಯನ್ನು ಮಿದುಳಿಗೆ ವರದಿ ಮಾಡುವ ತಂತಿಯೂ ಹೌದು ಎಂಬುದನ್ನು ಅವರ ಕೆಲಸ ವಿವರವಾಗಿ ತೋರಿಸಿತು. 1981ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಗೌರವ ಅವರಿಗೆ ಸಂದಿತು.

ಹೃದಯ ನಿಲ್ಲಿಸುವ ಯೋಗಿ

ಈಗ ಹುಡುಗನ ಪ್ರಶ್ನೆಗೆ ಬರೋಣ. ಇದನ್ನು ವಿಜ್ಞಾನಿಗಳು ನಕ್ಕು ತಳ್ಳಿಹಾಕಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. 1935ರಲ್ಲೇ ಫ್ರಾನ್ಸಿನ ವೈದ್ಯೆ ಥೆರೇಸ್ ಬ್ರಾಸ್ ಇಸಿಜಿ ಯಂತ್ರ ಹೊತ್ತು ಭಾರತಕ್ಕೆ ಬಂದಿದ್ದರು. 1957ರಲ್ಲಿ ಅಮೆರಿಕದಿಂದ ವೆಂಗರ್ ಮತ್ತು ಬಾಗ್ಚಿ ಬಂದರು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಡಾ. ಬಿ. ಕೆ. ಆನಂದ್ ಅವರ ಜೊತೆಗೂಡಿ, ಹೃದಯ ಅಥವಾ ನಾಡಿಯನ್ನು ಹತೋಟಿಯಲ್ಲಿಡಬಲ್ಲೆವೆಂದು ಹೇಳುತ್ತಿದ್ದ ನಾಲ್ವರನ್ನು ಪರೀಕ್ಷಿಸಿದರು. ವರದಿ 1961ರಲ್ಲಿ ಪ್ರಕಟವಾಯಿತು.

ಕಂಡದ್ದೇನು? ಮುಂಗೈಯಲ್ಲಿ ನಾಡಿ ನಿಜವಾಗಿಯೂ ಸಿಗದಂತಾಗುತ್ತಿತ್ತು. ಸ್ಟೆತಾಸ್ಕೋಪಿನಲ್ಲಿ ಎದೆಬಡಿತದ ಸದ್ದೂ ಕೇಳುತ್ತಿರಲಿಲ್ಲ. ಆದರೆ ಇಸಿಜಿ ಕಾಗದದ ಮೇಲೆ ಹೃದಯ ಬಡಿಯುತ್ತಲೇ ಇತ್ತು! ಉಸಿರು ಬಿಗಿಹಿಡಿದು, ಗಂಟಲು ಮುಚ್ಚಿ, ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಒಳಹರಿವಿಲ್ಲದ ಪಂಪು ತಳ್ಳುವುದೇನನ್ನು? ಆದ್ದರಿಂದ ನಾಡಿ ಕ್ಷೀಣಿಸುತ್ತದೆ. ನಾಲ್ವರಲ್ಲಿ ಒಬ್ಬರು ಮಾತ್ರ ಬಡಿತವನ್ನು ನಿಧಾನಗೊಳಿಸಿದರು, ಅದೂ ನಿಲ್ಲಲಿಲ್ಲ.

ಅಭ್ಯಾಸ ದೊಡ್ಡದು, ಸಂಶಯವಿಲ್ಲ. ಆದರೆ ಅದು ಸ್ನಾಯುವಿನ ಸಾಧನೆ, ಪವಾಡವಲ್ಲ. ಪವಾಡಕ್ಕೆ ಮರುಳಾಗಬೇಡಿ ಎಂದು ಹನ್ನೆರಡನೆಯ ಶತಮಾನದಲ್ಲೇ ತಿಳಿಹೇಳಿದ ಪರಂಪರೆ ನಮ್ಮದು. ಮಕ್ಕಳೇ, ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬೇಡಿ. ತಲೆ ಸುತ್ತಿ ಬೀಳುತ್ತೀರಿ.

ಉಸಿರಿಗೆ ಜಾತಿಯಿಲ್ಲ

ಹಾಗೆಂದರೆ ನಮ್ಮ ಇಚ್ಛೆಗೆ ಹೃದಯದ ಮೇಲೆ ಯಾವ ಅಧಿಕಾರವೂ ಇಲ್ಲವೇ? ಇದೆ, ಉಸಿರಿನ ಮೂಲಕ. ಮುಂಗೈ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ. ಉಸಿರು ಒಳಗೆ ಎಳೆದಾಗ ನಾಡಿ ಚೂರು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಆರೋಗ್ಯವಂತ ಹೃದಯ ಗಡಿಯಾರದ ಮುಳ್ಳಿನಂತೆ ಒಂದೇ ಅಂತರದಲ್ಲಿ ಬಡಿಯುವುದಿಲ್ಲ, ಬಡಿತದಿಂದ ಬಡಿತಕ್ಕೆ ಅಂತರ ಸ್ವಲ್ಪ ಬದಲಾಗುತ್ತಿರುತ್ತದೆ. ಇದೇ ಹೃದಯ ಬಡಿತದ ಏರಿಳಿತ. ವೇಗಸ್ ನರ ಚುರುಕಾಗಿದೆ ಎಂಬುದಕ್ಕೆ ಈ ಏರಿಳಿತವೇ ಸಾಕ್ಷಿ.

2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿಯಿಂದ ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವೊಂದನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಎರಡರಲ್ಲೂ ಹೃದಯ ಮತ್ತು ರಕ್ತದೊತ್ತಡದ ಲಯ ಒಂದಕ್ಕೊಂದು ಹೊಂದಿಕೊಂಡು, ಒತ್ತಡದ ಗೇಜುಗಳ ಚುರುಕು ಹೆಚ್ಚಿತು. ಬೇರೆ ದೇವರು, ಬೇರೆ ಭಾಷೆ, ಆದರೆ ನರ ಒಂದೇ. ಇಷ್ಟಲಿಂಗ ಪೂಜೆಯಲ್ಲಿ ನಿಧಾನವಾಗಿ ಉಸಿರಾಡುತ್ತಾ ಕುಳಿತವರಿಗೂ ಉಸಿರಿನ ಮಟ್ಟಿಗೆ ಇದೇ ನಿಯಮ. ನಮ್ಮ ಪೂಜೆಯಲ್ಲಿ ಮಾತ್ರ ಶಕ್ತಿಯಿದೆ ಎಂದು ಯಾರೂ ಬೀಗಬೇಕಾಗಿಲ್ಲ. ಪೂಜೆ ಮಾಡುತ್ತೇನೆಂದು ಬಿಪಿ ಮಾತ್ರೆ ಬಿಡುವುದಂತೂ ಕೂಡದು.

ಬೆಂಗಳೂರಿನ ನಿಮ್ಹಾನ್ಸ್ ಕಂಡದ್ದು

ಈ ಏರಿಳಿತವನ್ನು ಅಳೆಯುವ ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಡಾ. ಟಿ. ಎನ್. ಸತ್ಯಪ್ರಭಾ ಮತ್ತು ಸಂಗಡಿಗರು ಹಲವು ವರ್ಷಗಳಿಂದ ಈ ಪರೀಕ್ಷೆಗಳನ್ನು ನಡೆಸುತ್ತ ಬಂದಿದ್ದಾರೆ. ಚರ್ಮ ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ರೋಗಿಯನ್ನು ಮಲಗಿಸಿ ಇಸಿಜಿ ದಾಖಲಿಸುತ್ತಾರೆ. ನಿಮಿಷಕ್ಕೆ ಆರರಂತೆ ದೀರ್ಘವಾಗಿ ಉಸಿರಾಡಿಸುತ್ತಾರೆ, ಎದ್ದು ನಿಲ್ಲಿಸುತ್ತಾರೆ, ಕೈಮುಷ್ಟಿ ಬಿಗಿಸುತ್ತಾರೆ. ಪ್ರತಿ ಸಲ ಹೃದಯ ಹೇಗೆ ಸ್ಪಂದಿಸಿತು ಎಂದು ಲೆಕ್ಕ ಹಾಕುತ್ತಾರೆ.

2006ರಲ್ಲಿ ಅವರ ತಂಡ, ಔಷಧಿಗೆ ಬಗ್ಗದ ಮೂರ್ಛೆರೋಗ ಇರುವವರಲ್ಲಿ ಹೃದಯದ ಮೇಲಿನ ನರಗಳ ಹಿಡಿತ ತಪ್ಪಿರುವುದನ್ನು ವರದಿ ಮಾಡಿತು. 2007ರಲ್ಲಿ ಕವಿರಾಜ ಉಡುಪ, ಸತ್ಯಪ್ರಭಾ, ಮನೋವೈದ್ಯ ಡಾ. ಬಿ. ಎನ್. ಗಂಗಾಧರ್ ಮೊದಲಾದವರು ತೀವ್ರ ಖಿನ್ನತೆಯ ರೋಗಿಗಳನ್ನು ಆರೋಗ್ಯವಂತರೊಂದಿಗೆ ಹೋಲಿಸಿದರು. ಖಿನ್ನತೆಯವರಲ್ಲಿ ವೇಗಸ್ ಹಗ್ಗದ ಹಿಡಿತ ಕಡಿಮೆಯಾಗಿ, ಬಾರುಕೋಲಿನ ಪ್ರಭಾವ ಮೇಲುಗೈಯಾಗಿತ್ತು.

ತಾಯಂದಿರೇ, ಇದರ ಅರ್ಥ ಯೋಚಿಸಿ. ಮನೆಯಲ್ಲಿ ಸೊಸೆಯೋ ಮಗನೋ ತಿಂಗಳುಗಟ್ಟಲೆ ಮಂಕಾಗಿ ಕುಳಿತರೆ "ಸೋಗು ಹಾಕ್ತಾರೆ", "ಮಾಡಕ್ಕೆ ಕೆಲಸ ಇಲ್ಲ" ಎನ್ನುತ್ತೇವೆ. ಇಲ್ಲವೇ ಯಾರೋ ಏನೋ ಮಾಡಿಸಿದ್ದಾರೆಂದು ತಾಯತ ಕಟ್ಟಿಸುತ್ತೇವೆ. ಇಸಿಜಿ ಯಂತ್ರಕ್ಕೆ ಸೋಗು ತಿಳಿಯದು, ಮಾಟವೂ ತಿಳಿಯದು. ಖಿನ್ನತೆ ಮನಸ್ಸಿಗಷ್ಟೇ ಅಲ್ಲ, ಎದೆಬಡಿತಕ್ಕೂ ಇಳಿಯುವ ಕಾಯಿಲೆ ಎಂಬುದಕ್ಕೆ ಅಳತೆಯ ಸಾಕ್ಷಿ ಸಿಕ್ಕಿದೆ. ಅದಕ್ಕೆ ವೈದ್ಯರಿದ್ದಾರೆ, ಔಷಧಿಯಿದೆ.

ನೋವಿಲ್ಲದ ಹೃದಯಾಘಾತ

ಕೊನೆಯದಾಗಿ, ನಾನು ಆರಂಭದಲ್ಲಿ ಹೇಳಿದ ಮುಖ್ಯ ವಿಷಯ. ಸಕ್ಕರೆ ಕಾಯಿಲೆ ಬಹಳ ವರ್ಷ ಹತೋಟಿಯಲ್ಲಿಲ್ಲದಿದ್ದರೆ ಕಾಲಿನ ನರಗಳು ಕೆಡುತ್ತವೆ, ಅಂಗಾಲು ಜೋಮು ಹಿಡಿಯುತ್ತದೆ, ಚಪ್ಪಲಿ ಜಾರಿದ್ದೂ ತಿಳಿಯುವುದಿಲ್ಲ. ಇದು ನಿಮಗೆ ಗೊತ್ತು. ಹೃದಯದ ನರಗಳೂ ಹಾಗೆಯೇ ಕೆಡುತ್ತವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಉದ್ದವಾದ ವೇಗಸ್ ನರ ಮೊದಲೇ ಪೆಟ್ಟು ತಿನ್ನುತ್ತದೆ. ಆಗ ಕುಳಿತಲ್ಲೇ ನಾಡಿ ಜೋರಾಗಿರುತ್ತದೆ, ಎದ್ದು ನಿಂತರೆ ಬಿಪಿ ಇಳಿದು ಕಣ್ಣು ಕತ್ತಲಿಡುತ್ತದೆ. ಎಲ್ಲಕ್ಕಿಂತ ಅಪಾಯದ್ದು ಇನ್ನೊಂದು. ಎದೆನೋವಿನ ಸುದ್ದಿ ಒಯ್ಯುವ ತಂತಿಗಳೂ ಕೆಟ್ಟಿರುವುದರಿಂದ, ಹೃದಯಾಘಾತವಾದರೂ ಎದೆ ನೋಯದೇ ಇರಬಹುದು.

ನನ್ನ ಅಣ್ಣನಿಗೆ ಹೀಗೆಯೇ ಆಯಿತು. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ಒಂದು ದಿನ ತೋಟದಿಂದ ಬಂದವರು ಮೈಯೆಲ್ಲ ಬೆವತು, ಸುಸ್ತು ಎಂದು ಮಲಗಿದರು. ಎದೆನೋವು ಇಲ್ಲವೇ ಇಲ್ಲ. ಗ್ಯಾಸ್ ಆಗಿರಬೇಕೆಂದು ಮನೆಯವರು ಸೋಡಾ ಕುಡಿಸಿದರು. ಮಾರನೆಯ ದಿನ ಉಸಿರು ಕಟ್ಟಿದಾಗ ಆಸ್ಪತ್ರೆಗೆ ಒಯ್ದರೆ, ಹಿಂದಿನ ದಿನವೇ ಹೃದಯಾಘಾತ ಆಗಿತ್ತೆಂದು ಇಸಿಜಿ ಹೇಳಿತು. ಜೀವ ಉಳಿಯಿತು, ಆದರೆ ಹೃದಯದ ಬಲ ಮೊದಲಿನಂತಾಗಲಿಲ್ಲ. ಒಂದು ರಾತ್ರಿ ಕಳೆದುಹೋದದ್ದಕ್ಕೆ ತೆತ್ತ ಬೆಲೆ ಅದು.

ಆದ್ದರಿಂದ ಸಕ್ಕರೆ ಕಾಯಿಲೆ ಇರುವವರ ಮನೆಯವರೆಲ್ಲ ಇದನ್ನು ಗಟ್ಟಿಮಾಡಿಕೊಳ್ಳಿ. ಕಾರಣವಿಲ್ಲದ ತಣ್ಣನೆ ಬೆವರು, ಹಠಾತ್ ಸುಸ್ತು, ಉಸಿರು ಸಾಲದಿರುವುದು, ವಾಕರಿಕೆ, ದವಡೆ ಅಥವಾ ತೋಳಿನಲ್ಲಿ ಸೆಳೆತ ಕಂಡರೆ, ಎದೆ ನೋಯಲಿ ಬಿಡಲಿ, ಮೊದಲು ಇಸಿಜಿ ಆಗಬೇಕು. 108ಕ್ಕೆ ಫೋನ್ ಮಾಡಿ. ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಅಲ್ಲಿಂದಲೇ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಆ ತಜ್ಞರಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯವರೂ ಇದ್ದಾರೆ. ಅದು ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳ ಹೆಸರು ಹೊತ್ತ ಸಂಸ್ಥೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೆಂದು ಕಷ್ಟ ಬರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ವಿಚಾರಿಸಲು ಹೊತ್ತಿರುವುದಿಲ್ಲ.

ಇನ್ನೊಂದು ಮಾತು. ಜಾತ್ರೆಯಲ್ಲಿ, ಮದುವೆಮನೆಯಲ್ಲಿ, ಬಿಸಿಲಲ್ಲಿ ನಿಂತ ಹುಡುಗಿಯರು ತಟ್ಟನೆ ಕುಸಿದರೆ ಗಾಳಿ ಸೋಕಿತು, ಮೈಮೇಲೆ ಬಂತು ಎಂದು ಗದ್ದಲ ಎಬ್ಬಿಸುತ್ತೇವೆ. ಬಹುಪಾಲು ಅದು ವೇಗಸ್ ಹಗ್ಗ ಒಮ್ಮೆಲೇ ಬಿಗಿದು, ರಕ್ತನಾಳ ಸಡಿಲಗೊಂಡು, ಮಿದುಳಿಗೆ ಕ್ಷಣಕಾಲ ರಕ್ತ ಸಾಲದೆ ಹೋದದ್ದು. ಅಂಗಾತ ಮಲಗಿಸಿ, ಕಾಲು ಮೇಲೆತ್ತಿ ಹಿಡಿಯಿರಿ. ಸುತ್ತ ಮುತ್ತಿಕೊಂಡವರು ದೂರ ಸರಿಯಿರಿ. ಪೂರ್ತಿ ಎಚ್ಚರ ಬರುವ ತನಕ ಬಾಯಿಗೆ ನೀರು ಹಾಕಬೇಡಿ. ಎತ್ತಿ ನಿಲ್ಲಿಸಿದರೆ ಮತ್ತೆ ಬೀಳುತ್ತಾರೆ. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ, ಅಥವಾ ಕೆಲಸ ಮಾಡುತ್ತಿರುವಾಗಲೇ ಬಿದ್ದರೆ, ಬೂದಿ ಹಚ್ಚುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ.

ಈ ಗೋಷ್ಠಿಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ ಇದೆ. ಮುಂದೆ ಇಲ್ಲಿ ಆರೋಗ್ಯ ಶಿಬಿರ ಮಾಡುವಾಗ ಸಕ್ಕರೆ ಕಾಯಿಲೆಯವರ ಬಿಪಿಯನ್ನು ಕುಳಿತಾಗ ಒಂದೇ ಸಲ ನೋಡಿ ಬಿಡುವುದು ಬೇಡ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಇನ್ನೊಮ್ಮೆ ನೋಡಿಸಿ. ಮೇಲಿನ ಅಂಕಿ 20, ಅಥವಾ ಕೆಳಗಿನ ಅಂಕಿ 10 ಇಳಿದರೆ ಅವರ ಹೆಸರು ಬರೆದುಕೊಂಡು ವೈದ್ಯರಿಗೆ ತೋರಿಸಿ. ನೀರು ಸಾಲದೆಯೋ ಮಾತ್ರೆಯಿಂದಲೋ ಹಾಗಾಗಿರಬಹುದು, ಅಥವಾ ನರ ಕೆಟ್ಟಿರಬಹುದು. ಯಾವುದೆಂದು ವೈದ್ಯರು ಹೇಳಲಿ. ಇದಕ್ಕೆ ಬೇಕಾದದ್ದು ಒಂದು ಬಿಪಿ ಯಂತ್ರ, ಒಂದು ಚಾಪೆ, ಒಂದು ಗಡಿಯಾರ ಮತ್ತು ಬರೆದುಕೊಳ್ಳುವ ಇಬ್ಬರು ಹುಡುಗರು. ಮುಂದಿನ ಸಾಲಿನಲ್ಲಿ ಕುಳಿತಿರುವ ಹೈಸ್ಕೂಲಿನವರು ಆ ಕೆಲಸಕ್ಕೆ ಸಾಕು. ಬಿಪಿ ಯಂತ್ರವನ್ನು ನಾನು ದಾಸೋಹವಾಗಿ ಕೊಡುತ್ತೇನೆ, ದಿನ ಗೊತ್ತುಮಾಡುವುದು ನಿಮ್ಮ ಕೆಲಸ.